ಒಮ್ಮತದ ಹೆಸರು

ಮೊನ್ನೆ ಗೋಂದು ಮುಗಿದಿದೆ ಎಂದು ಮಗಳು ಶಾಲೆಯ ಚಾರ್ಟಿಗಾಗಿ ಮೈದಾ ಅಂಟು ಕುದಿಸುತ್ತಿದ್ದಳು. ಆ ಹಸಿ ಹಿಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರು ಮನೆಯ ಅಕ್ಕ ನೆನಪಾದಳು.

ಕೊಟ್ಟೂರಿನಲ್ಲಿ ನಮ್ಮ ಪಕ್ಷದ ಪೋಸ್ಟರುಗಳು ಗೋಡೆ ಹತ್ತುತ್ತಿದ್ದುದೇ ಅಕ್ಕನ ಹಂಡೆಯ ಅಂಟಿನಿಂದ. ಹುಳ ಹಿಡಿಯದಿರಲೆಂದು ಅದಕ್ಕೆ ಚೂರು ಮೈಲುತುತ್ತ ಹಾಕುತ್ತಿದ್ದಳು. ಗೆದ್ದವರು ಹಾರ ಹಾಕಿಸಿಕೊಂಡು ಹೋಗುತ್ತಿದ್ದರು, ಅಕ್ಕ ಹಂಡೆ ತಿಕ್ಕುತ್ತಿದ್ದಳು. ಹಾಗೆಂದು ಆಕೆಗೆ ಆಸೆ ಇರಲಿಲ್ಲವೆಂದಲ್ಲ. ಪಟ್ಟಣ ಪಂಚಾಯಿತಿ ಚುನಾವಣೆಗೆ ನಮ್ಮ ವಾರ್ಡು ಮಹಿಳೆಗೆ ಮೀಸಲಾದಾಗ, “ಈ ಸಲ ನಾನೂ ನಿಂದ್ರಲೇನೋ ತಮ್ಮಾ?” ಎಂದು ಮೊದಲು ಕೇಳಿದ್ದು ನನ್ನನ್ನೇ.

“ನೀನಲ್ಲದ ಮತ್ತ್ಯಾರಕ್ಕಾ” ಎಂದಿದ್ದೆ.

ಟಿಕೆಟ್ ಯಾರಿಗೆ ಎಂದು ತಿಳಿಯಲು ಪಕ್ಷದ ವೀಕ್ಷಕರು ಬಂದರು. ಕಾರ್ಯಕರ್ತರನ್ನು ಒಬ್ಬೊಬ್ಬರಾಗಿ ಒಳಗೆ ಕರೆದು ಒಂದೇ ಒಂದು ಹೆಸರು ಹೇಳಿಸಿಕೊಳ್ಳುವುದು ಪದ್ಧತಿ. ಹಿಂದಿನ ದಿನ ಊರಿನ ಕಂಟ್ರಾಕ್ಟರು ನನ್ನ ಅಂಗಡಿಗೆ ಬಂದು ಚಹಾ ಕುಡಿದಿದ್ದರು. “ಅಕ್ಕನ ಹೆಸರು ಹೆಂಗೂ ಎಲ್ಲಾರೂ ಹೇಳ್ತಾರ. ನೀನೊಬ್ಬ ನಮ್ಮನಿಯಾಕಿ ಹೆಸರು ಹೇಳಪಾ. ಒಂದೂ ಬರಲಿಲ್ಲಂದ್ರ ಮರ್ಯಾದಿ ಹೋಗ್ತೈತಿ.” ಪಾಪ, ನನ್ನೊಂದು ಮಾತಿನಿಂದ ಏನಾದೀತು ಎಂದುಕೊಂಡೆ. ಒಳಗೆ ಹೋಗಿ ಹಾಗೇ ಹೇಳಿದೆ.

ವೀಕ್ಷಕರು ನಗುತ್ತಾ ಹೊರಬಂದರು. “ಒಂದೇ ಹೆಸರು ಬಂದಿದೆ. ಒಮ್ಮತ” ಎಂದು ಕಂಟ್ರಾಕ್ಟರ ಹೆಂಡತಿಯ ಹೆಸರು ಓದಿದರು. ಅಂದರೆ ಕಂಟ್ರಾಕ್ಟರು ಎಲ್ಲರ ಹತ್ತಿರವೂ ಚಹಾ ಕುಡಿದಿದ್ದರು. ನಾವ್ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮನೆಗೆ ನಡೆಯುವಾಗ ಅಕ್ಕ ಮೆಲ್ಲಗೆ ಅಂದಳು: “ನನ್ನೂ ಒಳಗ ಕರದಿದ್ರು. ನನ್ನ ಹೆಸರು ನಾನ ಹೆಂಗ ಹೇಳ್ಲೋ? ನೀ ಹೇಳಿರ್ತಿ ಅಂತ, ಆಯಮ್ಮಂದ ಹೇಳಿ ಬಂದೆ.”

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ಅಭ್ಯರ್ಥಿಗೂ ಅಕ್ಕನೇ ಅಂಟು ಕುದಿಸಿದಳು. ನಾನು ಪೋಸ್ಟರು ಹಿಡಿದು ಪಕ್ಕದಲ್ಲೇ ನಿಂತೆ. ತಪ್ಪಾಯಿತಕ್ಕಾ ಎನ್ನಬೇಕಿತ್ತು... ಬಾಯಿ ಬರಲಿಲ್ಲ. ಎಂದೂ ಬರಲಿಲ್ಲ.

ಅಕ್ಕ ಈಗಿಲ್ಲ. ಟಿಕೆಟ್ ಯಾರಿಗೆಂದು ಈಗ ಫೋನಿನಲ್ಲೇ ಕೇಳುತ್ತಾರೆ. ನಿನ್ನೆ ನನಗೂ ಕರೆ ಬಂತು: ನಿಮ್ಮ ವಾರ್ಡಿಗೆ ಅಭ್ಯರ್ಥಿ ಯಾರಾಗಬೇಕು? ಅಂಗಡಿಯಲ್ಲಿ ಗಿರಾಕಿಗಳಿದ್ದರೂ ಜೋರಾಗಿ ಅಕ್ಕನ ಹೆಸರು ಹೇಳಿಬಿಟ್ಟೆ.

ಅದು ರೆಕಾರ್ಡು ಮಾಡಿದ ದನಿ. ತನ್ನ ಪಟ್ಟಿಯ ಹೆಸರುಗಳನ್ನು ಓದಿ, ಮೊದಲನೆಯವರಿಗೆ ಒಂದು ಒತ್ತಿ ಎಂದಿತು.