ಎಡಗಡೆಯ ದುಂಡು ನೆರಳು

೧೯೬೪ರ ಫೆಬ್ರವರಿಯಲ್ಲಿ ಕೊಳ್ಳೇಗಾಲದ ಒಂದು ಆಸ್ಪತ್ರೆಯಲ್ಲಿ ನಮ್ಮ ಅಪ್ಪನ ಎದೆಯ ಎಕ್ಸ್‌ರೇ ತೆಗೆದರು. ಎಡ ಶ್ವಾಸಕೋಶದ ಅಂಚಿನಲ್ಲಿ ನೆಲ್ಲಿಕಾಯಿ ಗಾತ್ರದ ದುಂಡು ನೆರಳೊಂದು ಕಂಡಿತು. ಅದನ್ನು ತೆಗೆದವರು ಆ ಫಿಲ್ಮನ್ನು ಬೆಳಕಿಗೆ ಹಿಡಿದ ಕೈ ನನಗೆ ಚೆನ್ನಾಗಿ ನೆನಪಿದೆ. ಉಗುರುಗಳೆಲ್ಲ ಬೆಳಗದ ಹಿತ್ತಾಳೆಯ ಬಣ್ಣ. ಬೆರಳ ತುದಿ ನೀರಲ್ಲಿ ನೆನೆದು ಸುಕ್ಕುಗಟ್ಟಿತ್ತು. ಫಿಲ್ಮು ತೊಳೆಯುವ ಔಷಧಿಯ ಕಲೆ ಅದು, ಸೋಪಿಗೆ ಹೋಗುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಯಾರಾದರೂ "ಕೈ ತೊಳ್ಕಂಡು ಬನ್ನಿ ಸಾ" ಎಂದರೆ, "ಬೆಳಗ್ಗಿಂದ ತೊಳೀತಾನೇ ಇದೀನಪ್ಪ" ಎನ್ನುತ್ತಿದ್ದರು.

ಆಸ್ಪತ್ರೆಯಲ್ಲಿ ಅವರು ಎಕ್ಸ್‌ರೇಯವರು. ಸುತ್ತಲ ಹಳ್ಳಿಗಳಲ್ಲಿ 'ಎದೆ ಪಟದ ಸಾ'. ಹನೂರಿನ ಆಚೆಯ ಹಳ್ಳಿಯವರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ. ಕೊಳ್ಳೇಗಾಲ ಮದರಾಸಿಗೆ ಸೇರಿದ್ದ ಕಾಲದಲ್ಲಿ ಕೊಯಮತ್ತೂರಿಗೆ ಹೋಗಿ ಈ ಕೆಲಸ ಕಲಿತಿದ್ದರು. ೧೯೫೬ರಲ್ಲಿ ತಾಲ್ಲೂಕು ಮೈಸೂರಿಗೆ ಸೇರಿತು. ಕಲಿತ ಕೆಲಸ ಮಾಡಲು ಯಂತ್ರವಿಲ್ಲದೆ, ಆಸ್ಪತ್ರೆಯಲ್ಲಿ ರೋಗಿಗಳ ಗಾಯಕ್ಕೆ ಪಟ್ಟಿ ಕಟ್ಟುತ್ತ ಅವರು ಏಳು ವರ್ಷ ಕಾದರು. ಅಲ್ಲಿಯವರೆಗೆ ನಮ್ಮ ಕಡೆಯವರು ಎದೆಯ ಫಿಲ್ಮು ತೆಗೆಸಲು ಮೈಸೂರಿಗೇ ಹೋಗಬೇಕಿತ್ತು. ಹೋಗಲಾರದವರು ಕೆಮ್ಮಿಕೊಂಡೇ ಇರುತ್ತಿದ್ದರು. ಯಂತ್ರ ಬಂದಾಗ ಅದನ್ನು ಮುಟ್ಟಲು ಅವರು ಬೇರೆ ಯಾರನ್ನೂ ಬಿಡಲಿಲ್ಲ.

ಕಪ್ಪು ಪರದೆಯ ಆ ಕೋಣೆಯಿಂದ ಅವರ ದನಿ ವರಾಂಡಕ್ಕೆಲ್ಲ ಕೇಳುತ್ತಿತ್ತು. "ಮೂಚ್ಚು ಎಳೀರಿ. ಬಿಡ್ಬೇಡಿ. ಅಂಗೇ ನಿಲ್ಲಿ. ಆಯ್ತು, ಉಸ್ರಾಡಿ." ಅವರಿಗೆ ಉಸಿರು ಕೊನೆಯವರೆಗೂ 'ಮೂಚ್ಚು' ಆಗಿಯೇ ಉಳಿಯಿತು. ಬಿಡುವಾಗ ಮಾತ್ರ ಕನ್ನಡ. ಒಮ್ಮೆ ಬಿಳಿಗಿರಿಯ ಸೋಲಿಗರೊಬ್ಬರನ್ನು ನಿಲ್ಲಿಸಿ ಉಸಿರು ಹಿಡಿಸಿದರು. ಅಷ್ಟರಲ್ಲಿ ಪಕ್ಕದ ಅಕ್ಕಿ ಗಿರಣಿ ಶುರುವಾಗಿ ಕರೆಂಟು ಇಳಿಯಿತು. ಮುಳ್ಳು ಮೇಲೇಳಲೆಂದು ಇವರು ಮೀಟರನ್ನೇ ನೋಡುತ್ತ ನಿಂತರು. ತಿರುಗಿದಾಗ ಆ ಮನುಷ್ಯನ ಕಣ್ಣುಗುಡ್ಡೆ ಹೊರಗೆ ಬಂದಿತ್ತು. "ಅಯ್ಯೋ, ಬಿಡೋ ಮಾರಾಯ!" ಎಂದು ಕೂಗಿದರು. ಸೋಲಿಗರು ನಿಧಾನವಾಗಿ ಉಸಿರು ಬಿಟ್ಟು, "ಬುಡು ಅಂತ ನೀವು ಏಳ್ನಿಲ್ವಲ್ಲ ಸಾ. ಜೇನು ಕೀಳಾಗ ಹೊಗೆ ಒಳ್ಗೆ ಇನ್ನೂ ಒತ್ತು ಉಸ್ರು ಇಡೀತೀನಿ" ಎಂದರು. ಆ ಫಿಲ್ಮಿನಷ್ಟು ಚೆನ್ನಾದ ಫಿಲ್ಮು ತಾವು ತೆಗೆದದ್ದೇ ಇಲ್ಲ ಎಂದು ಎಕ್ಸ್‌ರೇಯವರು ಹಲವು ಸಲ ಹೇಳಿದ್ದಾರೆ.

ಅಪ್ಪ ಹೊನ್ನೂರಿನಲ್ಲಿ ಕಬ್ಬು ಬೆಳೆದು ಆಲೆಮನೆ ನಡೆಸುತ್ತಿದ್ದರು. ಒಲೆಯ ಬಾಯಿಗೆ ಸಿಪ್ಪೆ ತಳ್ಳುವುದು ಅವರೇ. ಆ ಸುಗ್ಗಿಯಲ್ಲಿ ಹಿಡಿದ ಕೆಮ್ಮು ಎರಡು ತಿಂಗಳಾದರೂ ಬಿಡಲಿಲ್ಲ. ನಾನಾಗ ಯಳಂದೂರಿನಲ್ಲಿದ್ದುಕೊಂಡು ಮೈಸೂರಿನ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಕೊಳ್ಳೇಗಾಲಕ್ಕೆ ಅಪ್ಪನನ್ನೂ ಅವ್ವನನ್ನೂ ಕರೆದೊಯ್ದವನು ನಾನೇ. ಫಿಲ್ಮು ನೋಡಿದ ಡಾಕ್ಟರು ಮೈಸೂರಿನ ದೊಡ್ಡಾಸ್ಪತ್ರೆಗೆ ಕಾಗದ ಬರೆದುಕೊಟ್ಟರು. "ಗಡ್ಡೆ ಇರಬಹುದು. ಎದೆ ತೆರೆದು ತೆಗೆಯಬೇಕಾಗಬಹುದು" ಎಂದರು. ಹೋಗಬೇಕಾದ ದಿನಕ್ಕೆ ಎಂಟು ದಿನವಿತ್ತು.

ಆ ದಿನಗಳಲ್ಲಿ ಅಪ್ಪ ತಟ್ಟೆಯ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಒಂದು ಸಂಜೆ ಅವ್ವನಿಗೆ, "ಎದೆ ಕುಯ್ಸ್ಕಂಡು ಬದುಕ್ದೋರ ನೀ ಕಂಡಿದ್ದೀಯಾ?" ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ಅವ್ವ ಎದ್ದು ಒಳಗೆ ಹೋದರು.

ಏಳನೆಯ ದಿನ ಮಧ್ಯಾಹ್ನ ಎಕ್ಸ್‌ರೇಯವರು ಯಳಂದೂರಿನಲ್ಲಿ ಬಸ್ಸಿಳಿದು, ಹೊನ್ನೂರಿಗೆ ನಡೆದು ಬಂದರು. ಪಂಚೆಯ ಅಂಚೆಲ್ಲ ಕೆಂಪು ಧೂಳು. ಕಂಕುಳಲ್ಲಿ ಫಿಲ್ಮುಗಳಿದ್ದ ಕಂದು ಲಕೋಟೆ. ಆಲೆಮನೆಯ ಬಾಗಿಲಲ್ಲಿ ನಿಂತು, ನೀರು ಕೂಡ ಕೇಳದೆ, "ಯಜಮಾನ್ರೇ, ಪಟ ತೆಗೆಯೋವಾಗ ನಿಮ್ಮ ಕೊರಳ ಲಿಂಗ ಎಲ್ಲಿತ್ತು?" ಎಂದರು.

ಅಪ್ಪನಿಗೆ ಗಾಬರಿಯಾಯಿತು. "ಮೈಮೇಲೇ ಇತ್ತು ಸಾ. ಅದ ಮೈಬುಟ್ಟು ತಗಿಯಂಗಿಲ್ಲ. ನೀವು ಬೆಳ್ಳಿ ಬ್ಯಾಡ ಅಂದ್ರಿ, ಲಿಂಗದ ಕರಡಿಗೆಯ ಇವಳ ಕೈಗೆ ಕೊಟ್ಟಿ. ಲಿಂಗವ ಬಟ್ಟೇಲಿ ಕಟ್ಕಂಡಿ."

"ಎದೆ ನಡುವೆ?"

"ಇಲ್ಲ. ನಡುವೆ ಇದ್ರೆ ನಿಮ್ಮ ಯಂತ್ರಕ್ಕೆ ಅಡ್ಡ ಆಯ್ತದೆ ಅಂತ, ಬನೀನೊಳ್ಗೆ ಎಡಕ್ಕೆ ಸರಿಸ್ಕಂಡಿದ್ದಿ."

ಎಕ್ಸ್‌ರೇಯವರು ಹಣೆ ಚಚ್ಚಿಕೊಂಡರು. "ಅಯ್ಯೋ ಕಡವುಳೇ. ಅಗರದ ನಿಮ್ಮ ಭಾವನಿಗೂ ನೀವೇ ಹೇಳ್ಕೊಟ್ರಾ?"

ಅಪ್ಪ ಹೌದೆಂದು ತಲೆಯಾಡಿಸಿದರು. ಅಗರದ ಆ ಭಾವ ಹಿಂದಿನ ದಿನ ಕೊಳ್ಳೇಗಾಲಕ್ಕೆ ಹೋಗಿದ್ದ. ಅವನ ಎಡ ಶ್ವಾಸಕೋಶದಲ್ಲೂ ಅದೇ ಗಾತ್ರದ, ಅಷ್ಟೇ ನುಣುಪಾದ ಅಂಚಿನ ನೆರಳು ಬಿದ್ದಿತ್ತು. ಕತ್ತಲ ಕೋಣೆಯಿಂದ ಹೊರಬಂದ ಎಕ್ಸ್‌ರೇಯವರಿಗೆ, ಆತ ಬನಿಯನ್ನಿನೊಳಗಿನಿಂದ ಬಟ್ಟೆಯ ಗಂಟು ತೆಗೆದು ಮತ್ತೆ ಎದೆಯ ನಡುವೆ ಕಟ್ಟಿಕೊಳ್ಳುತ್ತಿದ್ದದ್ದು ಕಂಡಿತು. ನಡುವೆ ಇದ್ದ ಲಿಂಗಗಳು ಅದುವರೆಗೆ ಬೆನ್ನುಮೂಳೆಯ ನೆರಳಿನಲ್ಲಿ ಮುಚ್ಚಿಹೋಗುತ್ತಿದ್ದವು. ಪಕ್ಕಕ್ಕೆ ಸರಿದಾಗಲೇ ಅದು ಗಡ್ಡೆಯಾದದ್ದು.

"ಹಂಗಾರೆ ಗಡ್ಡೆ ಇಲ್ವಾ ಸಾ?" ಎಂದರು ಅವ್ವ.

"ಇಲ್ಲ ಅಂತ ನಾನು ಹೇಳಲ್ಲಮ್ಮ. ಇನ್ನೊಂದು ಸಲ ತೆಗೀಬೇಕು. ಬನಿಯನ್ ಇರ್ಲಿ ಅಂದೋನು ನಾನು, ಕೈಯಿಟ್ಟು ನೋಡ್ದೇ ಇದ್ದೋನೂ ನಾನು. ತಪ್ಪು ನಂದು. ನಾಳೆ ಮೈಸೂರು ಬಸ್ ಹತ್ಬೇಡಿ, ನಮ್ಮಲ್ಲಿಗೆ ಬನ್ನಿ."

ಆದರೆ ಲಿಂಗವನ್ನು ಎಲ್ಲಿಡುವುದು? ಅಪ್ಪ ಅದನ್ನು ದೇಹದಿಂದ ಬಿಡಿಸಲು ಒಪ್ಪುವವರಲ್ಲ. ಕೇಳುವುದು ಎಕ್ಸ್‌ರೇಯವರಿಗೂ ಮನಸ್ಸಿಲ್ಲ. ಇಬ್ಬರೂ ಒಲೆಯ ಪಕ್ಕ ಕೂತು ಯೋಚಿಸಿದರು. ಬೆಲ್ಲದ ಕೊಪ್ಪರಿಗೆ ಕುದಿಯುತ್ತಿತ್ತು. ಅವ್ವನೇ ಹೇಳಿದರು: "ತುಂಬಿದ ಒಳೆ ದಾಟೋವಾಗ ಏನ್ಮಾಡೀರಿ? ತಲೆ ಮ್ಯಾಲೆ ಮಡಿಕಂಡು ವಸ್ತ್ರ ಸುತ್ಕತೀರಲ್ಲ, ಅಂಗೇ ಮಾಡಿ. ಅದ್ಕೂ ಇಬ್ರು ಗಂಡಸ್ರು ಕುಂತು ಯೋಚ್ನೆ ಮಾಡ್ಬೇಕಾ?"

ಮರುದಿನ ಅಪ್ಪ ಲಿಂಗವನ್ನು ನೆತ್ತಿಯ ಮೇಲಿಟ್ಟು, ಮೇಲೆ ಬಿಳಿ ಟವೆಲು ಬಿಗಿದು, ಬರಿ ಎದೆಯಲ್ಲಿ ಯಂತ್ರದ ಮುಂದೆ ನಿಂತರು. "ಮೂಚ್ಚು ಎಳೀರಿ" ಎಂಬ ದನಿ ಕೇಳಿತು. "ಉಸ್ರಾಡಿ" ಎಂಬುದೂ ಕೇಳಿತು. ಆಮೇಲೆ ಕತ್ತಲ ಕೋಣೆಯ ಬಾಗಿಲು ಮುಚ್ಚಿತು. ನಾವು ಬೆಂಚಿನ ಮೇಲೆ ಕೂತೆವು. ಅವ್ವ ಸೆರಗಿನ ಅಂಚನ್ನು ಮಡಿಸುವುದು, ಬಿಡಿಸುವುದು ಮಾಡುತ್ತಿದ್ದರು.

ಫಿಲ್ಮು ಒಣಗುವವರೆಗೆ ಯಾರಿಗೂ ತೋರಿಸಬಾರದು ಎಂಬುದು ಎಕ್ಸ್‌ರೇಯವರ ಕಟ್ಟುನಿಟ್ಟು. ಅವತ್ತು ನೀರು ತೊಟ್ಟಿಕ್ಕುತ್ತಿದ್ದ ಫಿಲ್ಮನ್ನೇ ಹಿಡಿದುಕೊಂಡು ಹೊರಗೆ ಬಂದರು. ಕಿಟಕಿಗೆ ಹಿಡಿದು ಎಡಗಡೆಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದರು. ನೀರು ಅವರ ಮೊಣಕೈವರೆಗೆ ಇಳಿಯಿತು.

"ಇಲ್ಲ," ಎಂದರು. "ಎಲ್ಲೂ ಇಲ್ಲ."

ಡಾಕ್ಟರು ಎರಡು ಫಿಲ್ಮನ್ನೂ ಅಕ್ಕಪಕ್ಕ ಇಟ್ಟು ನೋಡಿ, ಮೈಸೂರಿನ ಕಾಗದವನ್ನು ವಾಪಸು ಪಡೆದರು. ಒಲೆಯ ಬಾಯಿಯಿಂದ ದೂರವಿರಲು ಹೇಳಿ, ಕೆಮ್ಮಿಗೆ ಔಷಧಿ ಬರೆದರು. ವರಾಂಡ ದಾಟುವವರೆಗೂ ತಡೆದುಕೊಂಡಿದ್ದ ಅವ್ವನಿಗೆ ನಗು ಬಂತು. "ಸದ್ಯ! ಡಾಕ್ಟ್ರು ಕುಯ್ದು ತಗೀತೀನಿ ಅಂದಿದ್ದು ಶಿವನ್ನೇ ಕಣ್ರಿ" ಎಂದು ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡರು. ಅಪ್ಪ ಬಸ್ ನಿಲ್ದಾಣದಲ್ಲಿ ನಾಲ್ಕು ಇಡ್ಲಿ ತಿಂದರು. ಎಂಟು ದಿನದಲ್ಲಿ ಅವರು ಹೊಟ್ಟೆತುಂಬ ತಿಂದದ್ದು ಅದೇ ಮೊದಲು.

ಇದನ್ನು ಪತ್ರಿಕೆಗೆ ಬರೆಯಲೇ ಎಂದು ನಾನು ಎಕ್ಸ್‌ರೇಯವರನ್ನು ಕೇಳಿದ್ದೆ. "ಬರೀರಿ. ತಪ್ಪು ಯಂತ್ರದ ಹತ್ರ ನಿಂತೋನದ್ದು ಅಂತ್ಲೇ ಬರೀರಿ. ಹೆಸರು ಬೇಡ. ಲಿಂಗ ತಲೆಗೆ ಕಟ್ಕೊಂಡು ಬನ್ನಿ ಅನ್ನೋದು ಮಾತ್ರ ಮರೀಬೇಡಿ" ಎಂದರು. ಹಾಗೆಯೇ ಬರೆದೆ. ಏಳು ಸಾಲು ಅಚ್ಚಾಯಿತು. ಇಲ್ಲೂ ಅವರ ಹೆಸರು ಬರೆಯುತ್ತಿಲ್ಲ.

ಆ ತಿಂಗಳೇ ಅವರು ಕೋಣೆಯ ಗೋಡೆಗೆ ಮಸಿಯಲ್ಲಿ ಮೂರು ಸಾಲು ಬರೆದರು: 'ಲಿಂಗ ತಲೆಗೆ. ತಾಳಿ ಬಾಯಿಗೆ. ತಾಯಿತ ಅಂಗೈಗೆ.' ಪಕ್ಕದ ಮೊಳೆಗೆ ಒಗೆದ ಟವೆಲೊಂದು ಸದಾ ತೂಗುತ್ತಿತ್ತು. ಓದು ಬಾರದವರಿಗೆ ತಾವೇ ಓದಿ ಹೇಳುತ್ತಿದ್ದರು. ಹೇಳಿದ ಮೇಲೂ ಒಂದು ಸಲ ಕೇಳದೆ ಗುಂಡಿ ಒತ್ತುತ್ತಿರಲಿಲ್ಲ. ಎಷ್ಟೋ ಮಂದಿಯ ಕ್ಷಯ ಮೊದಲ ಹಂತದಲ್ಲೇ ಸಿಕ್ಕಿದ್ದು ಆ ಕೋಣೆಯಲ್ಲಿ. ಅವರಲ್ಲಿ ಹಲವರು ಔಷಧಿ ಮುಗಿಸಿ ಗುಣವಾಗಿ, ಎಕ್ಸ್‌ರೇಯವರಿಗೆ ಬೆಲ್ಲ, ಬಾಳೆಗೊನೆ ತಂದುಕೊಡುತ್ತಿದ್ದರು. ಅವರು ಅದನ್ನೆಲ್ಲ ವಾರ್ಡಿಗೆ ಕಳಿಸುತ್ತಿದ್ದರು.

೧೯೭೩ರಲ್ಲಿ ನಿವೃತ್ತರಾಗಿ ಹನೂರಿನಲ್ಲಿ ಮಗಳ ಮನೆಗೆ ಹೋದರು. ಎರಡು ವರ್ಷದ ಮೇಲೆ ಅಲ್ಲೇ ತೀರಿಕೊಂಡರು. ಸುದ್ದಿ ತಿಳಿದು ಅಪ್ಪ ಹನೂರಿಗೆ ಹೋದರು. ಮಣ್ಣು ಮಾಡುವ ಹೊತ್ತಿಗೆ ತಲುಪಲಾಗಲಿಲ್ಲ, ಮಗಳನ್ನು ಮಾತಾಡಿಸಿ ಬಂದರು. ತೀರಿಕೊಳ್ಳುವ ಹೊತ್ತಿಗೆ ತಂದೆಯ ಉಗುರಿನ ಕಲೆ ಪೂರ್ತಿ ಹೋಗಿತ್ತು ಎಂದರಂತೆ ಆಕೆ.

೧೯೭೭ರ ಡಿಸೆಂಬರಿನಲ್ಲಿ ಅಪ್ಪನಿಗೆ ಮತ್ತೆ ಕೆಮ್ಮು ಬಂತು. ಅದೇ ಕೋಣೆ, ಹೊಸ ಎಕ್ಸ್‌ರೇಯವರು. ಅವರು ಬಾಯಿ ತೆರೆಯುವ ಮೊದಲೇ ಅಪ್ಪ ಅಂಗಿ, ಬನಿಯನ್ ತೆಗೆದು, ಲಿಂಗವನ್ನು ನೆತ್ತಿಗಿಟ್ಟು ಮೊಳೆಯಲ್ಲಿದ್ದ ಟವೆಲು ಸುತ್ತಿಕೊಂಡರು. ಫಿಲ್ಮಿನಲ್ಲಿ ಎರಡೂ ಶ್ವಾಸಕೋಶ ಸ್ವಚ್ಛವಾಗಿದ್ದವು.