ತೀರಿಹೋದವರ ದನಿಯಲ್ಲಿ ಎರಡು ನಿಮಿಷ

ನನ್ನ ಬೂತಿಗೆ ಹೊರಗಿನಿಂದ ಕರೆ ಬಂದರೆ ಎರಡು ರೂಪಾಯಿ ತೆಗೆದುಕೊಳ್ಳುತ್ತಿದ್ದೆ. ಈ ಕರೆಗೆ ಅದನ್ನೂ ಮುಟ್ಟಲಿಲ್ಲ. ಆದರೂ ನಾನು ಕಂಡ ಕರೆಗಳಲ್ಲಿ ಅಷ್ಟು ದುಬಾರಿಯಾದದ್ದು ಇನ್ನೊಂದಿಲ್ಲ. ಎರಡು ನಿಮಿಷ ಇತ್ತೋ ಇಲ್ಲವೋ. ಅದಕ್ಕೆ ಒಬ್ಬ ಸೈನಿಕ ತನ್ನ ಮನೆಯವರ ಮಾತಿನ ಮೇಲಿದ್ದ ನಂಬಿಕೆಯನ್ನೆಲ್ಲ ತೆತ್ತ. ಅವನ ಹೆಂಡತಿ ಇವತ್ತಿಗೂ ತೆರುತ್ತಿದ್ದಾಳೆ. ಯುದ್ಧದಿಂದ ಹೀಗಾಯಿತು ಎಂದು ಊರಿನವರು ಹೇಳುತ್ತಾರೆ. ಯುದ್ಧ ಅರ್ಧ ಕಾರಣ. ಉಳಿದರ್ಧ, ನಾನು ಹೇಳಿದ ಬುದ್ಧಿಮಾತು.

ಚಿಕ್ಕಂದಿನಲ್ಲೇ ನನ್ನ ಬಲಗಾಲಿಗೆ ಪೋಲಿಯೋ ಆಗಿತ್ತು. 1997ರಲ್ಲಿ ಅಂಗವಿಕಲರ ಕೋಟಾದಲ್ಲಿ ಬೈಂದೂರಿನ ಹೆದ್ದಾರಿ ಬದಿಗೆ ಎಸ್‌ಟಿಡಿ ಬೂತು ಸಿಕ್ಕಿತು. ಸಿಕ್ಕಿತು ಎಂದರೆ ಯಾರೂ ತಂದು ಕೈಗಿಡಲಿಲ್ಲ. ಕುಂದಾಪುರಕ್ಕೆ ಬಸ್ಸು ಹತ್ತಿ ಇಳಿದು ಸಾಕಾಗಿ, ಕೊನೆಗೊಂದು ದಿನ ಊಟದ ಡಬ್ಬಿ ಕಟ್ಟಿಕೊಂಡು ಹೋಗಿ ಕಚೇರಿಯ ಬೆಂಚಿನ ಮೇಲೆ ಕುಳಿತುಬಿಟ್ಟೆ. ಸಂಜೆಗೆ ಕಾಗದ ಕೈಗೆ ಬಂತು. ಗಾಜಿನ ಕೋಣೆಯಾಗಲಿ, ತಿರುಗುವ ಕುರ್ಚಿಯಾಗಲಿ, ಯಾವುದನ್ನೂ ಅಂಗಡಿಯವರು ಹೇಳಿದ ಬೆಲೆಗೆ ನಾನು ತಂದವಳಲ್ಲ. ಇನ್ನು, ಕುಳಿತಲ್ಲೇ ಕುಳಿತಿರುವವಳ ಕಿವಿಗೆ ಎಲ್ಲರ ಮನೆಯ ಸುದ್ದಿಯೂ ಬೀಳುತ್ತದೆ. ಸುದ್ದಿ ಗೊತ್ತಾದ ಮೇಲೆ ಸಲಹೆ ಕೊಡದೆ ಇರುವುದು ನನ್ನಿಂದ ಆಗದ ಕೆಲಸ. ಜಾಗದ ತಕರಾರಿನಿಂದ ಹಿಡಿದು, ಬೊಂಬಾಯಿ ಹೋಟೆಲಿನಲ್ಲಿರುವ ಗಂಡನಿಗೆ ಫೋನಿನಲ್ಲಿ ಎಷ್ಟು ಬೈಯಬಹುದು ಎನ್ನುವವರೆಗೆ ಹೆಂಗಸರು ನನ್ನನ್ನೇ ಕೇಳುತ್ತಿದ್ದರು.

ಚೌಕಾಸಿಯಲ್ಲಿ ನನಗೆ ಸರಿಸಮ ಇದ್ದವರು ಒಬ್ಬರೇ. ಕಡಲ ಬದಿಯಿಂದ ತಲೆಯ ಮೇಲೆ ಬುಟ್ಟಿ ಹೊತ್ತು ಯಡ್ತರೆಯವರೆಗೆ ಮೀನು ಮಾರುತ್ತ ಬರುವ ಹೆಂಗಸು. ದಿನಾ ಹತ್ತು ಗಂಟೆಗೆ ಬೂತಿನ ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿದರೆ ಶುರು.

“ಹ್ವಾಯ್ ಹೆಣೆ, ಬಂಗ್ಡಿ ಕಾಣ್. ಈಗ್ಳೇ ದೋಣಿಯಿಂದ ಇಳ್ಸದ್ದ್. ಕಣ್ಣ್ ಬಿಟ್ಕಂಡ್ ನಿನ್ನನ್ನೇ ಕಾಂತ್ ಇತ್ತ್.”

“ನನ್ನನ್ನ್ ಕಂಡಲ್ಲ ಅಮ್ಮ, ನೀವ್ ಹೇಳು ರೇಟ್ ಕೇಂಡ್ ಕಣ್ಣ್ ಬಿಟ್ಟದ್ದ್ ಅದ್.”

“ನಿನ್ ಫೋನಿನ್ ಮೀಟರ್ ಓಡ್ತಲ್ಲ, ಅದ್ರಲ್ಲ್ ಒಂದ್ ರೂಪಾಯಿ ಬಿಡ್ತ್ಯಾ? ಬಿಡ್, ನಾನೂ ಬಿಡ್ತೆ.”

ಅವರ ಹಿರಿಮಗ ಸೈನ್ಯದಲ್ಲಿದ್ದ. ಕಿರಿಯವನು ದೋಣಿಗೆ ಹೋಗುತ್ತಿದ್ದ. ಹಿರಿಯವನ ಹೆಂಡತಿ, ಐದು ವರ್ಷದ ಮಗಳು, ಎಲ್ಲ ಒಂದೇ ಮನೆ. ಅವನ ಫೋನು ಬಂದರೆ ಈ ಅಮ್ಮ ರಿಸೀವರನ್ನು ಮುಖದಿಂದ ಒಂದು ಮೊಳ ದೂರ ಹಿಡಿದು, ಕಡಲಿನಾಚೆಗೆ ಕರೆದ ಹಾಗೆ “ಮಗಾ! ಉಂಡ್ಯಾ?” ಎಂದು ಕೂಗುತ್ತಿದ್ದರು. ಅವರು ಹೋದ ಮೇಲೆ ನಾನು ಆ ಕೂಗನ್ನು ಇದ್ದ ಹಾಗೇ ಮಾಡಿ ತೋರಿಸುವುದು, ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುವುದು, ಇದೆಲ್ಲ ನಮ್ಮ ವಾಡಿಕೆಯಾಗಿತ್ತು.

1999ರ ಬೇಸಿಗೆ ಮುಗಿಯುವಾಗ ಕಾರ್ಗಿಲ್ ಯುದ್ಧ ಬಂತು. ಆ ವರ್ಷ ಕ್ರಿಕೆಟ್ ವಿಶ್ವಕಪ್ಪೂ ಅದೇ ಹೊತ್ತಿಗೆ. ಎದುರಿನ ಟಿವಿ ಅಂಗಡಿಯಲ್ಲಿ ಒಂದೇ ಪರದೆಯ ಮೇಲೆ ಎರಡೂ ಬರುತ್ತಿದ್ದವು, ಒಂದೇ ಜನ ಒಂದೇ ರೀತಿ ಕೇಕೆ ಹಾಕುತ್ತಿದ್ದರು. ಯೋಧರ ನಿಧಿಗೆಂದು ಡಬ್ಬಿ ಹಿಡಿದು ಬಂದವರಿಗೆ ನಾನೂ ಹಾಕಿದೆ. ಸೊಸೆ ಬೂತಿಗೆ ಬಂದರೆ ಸುತ್ತ ನಾಲ್ಕು ಜನ. “ನಿಮ್ಮೋರ್ ಎಷ್ಟ್ ಜನ್ರನ್ನ್ ಹೊಡ್ದ್ರ್?” ಎಂದು ಸ್ಕೋರು ಕೇಳಿದ ಹಾಗೆ ಕೇಳುತ್ತಿದ್ದರು. ಅವಳು ಚಿಲ್ಲರೆ ಎಣಿಸಿಟ್ಟು ಬೇಗ ಹೊರಟುಬಿಡುತ್ತಿದ್ದಳು.

ಅವಳ ಅತ್ತೆಯಲ್ಲಿ ಕಂಡ ಬದಲಾವಣೆ ಬೇರೆ ತರಹದ್ದು. ಮಳೆಗಾಲ, ದೋಣಿ ಕಡಲಿಗಿಳಿಯದ ದಿನಗಳು. ಅವರು ಒಣಮೀನು ತರುತ್ತಿದ್ದರು. ಒಂದು ದಿನ ನಾನು ಎಂದಿನ ಹಾಗೆ ಅರ್ಧ ಬೆಲೆಗೆ ಕೇಳಿದೆ. ಅವರು ಆ ಬೆಲೆಗೇ ಕೊಟ್ಟು, ಮೇಲೊಂದು ಹಿಡಿ ಹೆಚ್ಚಿಗೆ ಹಾಕಿ, ಬುಟ್ಟಿ ಎತ್ತಿಕೊಂಡು ಹೊರಟರು. ಅಷ್ಟು ಸುಲಭವಾಗಿ ಗೆದ್ದದ್ದು ನನಗೆ ಸರಿ ಕಾಣಲಿಲ್ಲ. ಆ ಮೀನನ್ನು ಹುರಿದರೂ ತಿನ್ನಲು ಮನಸ್ಸಾಗಲಿಲ್ಲ.

ಜುಲೈ ತಿಂಗಳ ಮೊದಲಲ್ಲಿ ಅವರಿಗೆ ಜ್ವರ ಬಂತು. ಎರಡು ದಿನ ಮಲಗಿದವರು ಮೂರನೇ ಬೆಳಿಗ್ಗೆ ಏಳಲಿಲ್ಲ. ಕಿರಿಮಗ ತೊಯ್ದು ತೊಪ್ಪೆಯಾಗಿ ನನ್ನ ಬೂತಿಗೆ ಬಂದ. ಅಣ್ಣನ ವಿಳಾಸದ ಚೀಟಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದ.

“ಅಕ್ಕ, ಅಣ್ಣಂಗೆ ಟೆಲಿಗ್ರಾಂ ಬರ್ದ್ ಕೊಡಿ. ಅಬ್ಬಿ ತೀರ್ ಹೋಯ್ತ್ ಅಂದೇಳಿ.”

ಅಬ್ಬಿ ಎಂದರೆ ನಮ್ಮ ಕಡೆ ತಾಯಿ. ನಾನು ಪೆನ್ನು ತೆಗೆದುಕೊಂಡೆ. ಬರೆಯಲಿಲ್ಲ.

“ಬರ್ದ್ ಎಂತ ಮಾಡ್ತೆ? ಅವ್ನಿಗೆ ಬಪ್ಪುಕೆ ಆತ್ತಾ? ಗುಂಡ್ ಹಾರು ಜಾಗ್ದಲ್ಲ್ ನಿಂತ್ಕಂಡ್, ಅಬ್ಬಿನ್ ನೆನ್ಸ್ಕಂಡ್ ಒಂದ್ ಗಳ್ಗಿ ತಲಿ ಎತ್ತ್ರೆ? ಆಮೇಲ್ ನಿನ್ ಅತ್ಗಿಗೆ ಯಾರ್ ಟೆಲಿಗ್ರಾಂ ಕಳ್ಸೂದ್?”

“ಹಿರಿಮಗ ಅಲ್ದಾ ಅಕ್ಕ. ಅವ್ನಿಗ್ ತಿಳ್ಸ್‌ದೆ ಬೊಜ್ಜ ಮಾಡೂದ್ ಹ್ಯಾಂಗೆ?”

ಬೊಜ್ಜ, ಅಂದರೆ ಸತ್ತವರ ಉತ್ತರಕ್ರಿಯೆ. ಅದನ್ನು ಮಾಡಬೇಕಾದವನು ಹಿರಿಮಗ. ಅದಕ್ಕೂ ನನ್ನ ಬಳಿ ಉತ್ತರ ಇತ್ತು. “ಸೂತಕ ತಿಳ್ದೋರಿಗ್ ಮಾತ್ರ. ತಿಳೀದೆ ಇದ್ದೋನಿಗ್ ಸೂತಕವೂ ಇಲ್ಲ, ದೋಷವೂ ಇಲ್ಲ. ನೀ ಮಾಡ್. ಅವ್ನ್ ಬಂದ್ಮೇಲೆ ನಾನೇ ಹೇಳ್ತೆ.”

ಬಸ್ಸಿನಲ್ಲಿ ಕಿರಿಮಂಜೇಶ್ವರದಿಂದ ಬಂದ ಅವರ ನೆಂಟರೊಬ್ಬರು, ವಯಸ್ಸಾದವರು, ಒಪ್ಪಲಿಲ್ಲ. ಬೂತಿನ ತನಕ ಬಂದು ಜಗಳಾಡಿದರು. ಅವರನ್ನೂ ನಾನು ಒಪ್ಪಿಸಿದೆ. ಬೆಲೆ ಇಳಿಸಿದ ಹಾಗೆ ಒಂದೊಂದೇ ಮೆಟ್ಟಿಲು ಇಳಿಸಿದೆ. ಅವರು ಹೋಗುವಾಗ ನನಗೆ ಗೆದ್ದೆ ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ಹಾಗೇ ಅನ್ನಿಸಿತು.

ಬೊಜ್ಜ ಮುಗಿದ ಮರುದಿನ ಹಿರಿಮಗನ ಇನ್‌ಲ್ಯಾಂಡ್ ಪತ್ರ ಬಂತು. ತಮ್ಮನ್ನು ಬೆಟ್ಟದ ಮೇಲಿನಿಂದ ಕೆಳಗಿಳಿಸುತ್ತಾರೆ, ಸರದಿಯಲ್ಲಿ ನಿಂತರೆ ಫೋನು ಸಿಗುತ್ತದೆ, ಬೆಳಗಿನ ಹೊತ್ತು ಬೂತಿನಲ್ಲಿ ಇರು, ಅಬ್ಬಿಯನ್ನೂ ಕರೆದುಕೊಂಡು ಬಾ ಎಂದು ಹೆಂಡತಿಗೆ ಬರೆದಿದ್ದ. ಅವಳು ಮೂರು ಬೆಳಿಗ್ಗೆ ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕುಳಿತಳು. ನಾಲ್ಕನೇ ಬೆಳಿಗ್ಗೆ ಫೋನು ಬಂತು.

“ಎಲ್ಲ ಲಾಯ್ಕಿತ್ತ್,” ಎಂದಳು, ಅಂದರೆ ಎಲ್ಲ ಚೆನ್ನಾಗಿದೆ. ಮತ್ತೆ, “ಹೌದ್, ಎಲ್ಲ ಲಾಯ್ಕಿತ್ತ್.” ಆಮೇಲೆ ನನ್ನ ಕಡೆಗೆ ತಿರುಗಿದಳು. ರಿಸೀವರಿಗೆ ಕೈ ಅಡ್ಡ ಹಿಡಿದು ಹೇಳಿದಳು. “ಅತ್ತಿ ಕೈಗ್ ಕೊಡ್ ಅಂತ್ರ್.”

ಮಾರುಕಟ್ಟೆಗೆ ಹೋಗಿದ್ದಾರೆ ಎನ್ನಬಹುದಿತ್ತು. ಆ ಕ್ಷಣಕ್ಕೆ ನನಗೆ ಅದು ಹೊಳೆಯಲಿಲ್ಲ. ಅವಳ ಕೈಯಿಂದ ರಿಸೀವರು ತೆಗೆದುಕೊಂಡೆ, ಮುಖದಿಂದ ಒಂದು ಮೊಳ ದೂರ ಹಿಡಿದೆ.

“ಮಗಾ! ಉಂಡ್ಯಾ?”

ಗಾಳಿಯ ಸದ್ದು. ಮಾತು ತಡವಾಗಿ ಬರುತ್ತಿತ್ತು.

“ಉಂಡೆ ಅಬ್ಬಿ.” ಮತ್ತೆ ಗಾಳಿ. “ಅಬ್ಬಿ, ಒಂದ್ ಕೇಂತೆ. ಯಾರಿಗೂ ಹೇಳ್ಬೇಡ. ನನ್ ಬೂಟ್ ಹರ್ದ್ ಹೋಯಿತ್ತ್. ಕಾಲ್ ಬೆರಳ್ ಮರಗಟ್ಟಿ ಹೋಯ್ತ್. ನನ್ ಬದಿಗ್ ಮಲ್ಕಂತಿದ್ದವ ಒಬ್ಬ ತೀರ್ಕಂಡ. ನಮ್ಮವ್ನೇ. ಅವ್ನ ಬೂಟ್ ತೆಗ್ದ್ ನಾನ್ ಹಾಯ್ಕಂಡೆ. ಅವ್ನನ್ನ್ ಬರಿ ಕಾಲಲ್ಲೇ ಕೆಳಗ್ ಕಳ್ಸ್ರ್. ಅವ್ನ ಅಬ್ಬಿ ಪೆಟ್ಟಿಗಿ ತೆಗ್ದ್ ಕಾಲ್ ಕಾಂತ್ ಅಲ್ದಾ? ತಪ್ಪಾಯ್ತಾ ಅಬ್ಬಿ?”

ಇಂಥ ಪ್ರಶ್ನೆಯನ್ನು ನನಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಆದರೂ ಬಾಯಿ ತಡೆಯಲಿಲ್ಲ.

“ಸತ್ತವ್ನಿಗ್ ಎಂತಕ್ಕ್ ಬೂಟ್ ಮಗಾ? ಬದ್ಕಿದ್ದೋರಿಗ್ ಬೇಕಾಪುದ್ ಅದ್. ನೀ ಬೆಚ್ಚಗಿರ್.”

“ಹೌದಾ?”

“ಹೌದ್.”

“ರಜಿಗ್ ಬಂದಾಗ ನಾವಿಬ್ರೂ ಅವ್ನ ಮನಿಗ್ ಹೋಯ್ ಬಪ್ಪ. ನಂಗೊಬ್ಬಂಗೆ ಆತಿಲ್ಲ. ನೀ ಬತ್ಯಾ?”

“ಬತ್ತೆ,” ಎಂದೆ. ಲೈನು ಕಡಿಯಿತು.

ಸೊಸೆ ನನ್ನನ್ನೇ ನೋಡುತ್ತಿದ್ದಳು. ಅವತ್ತು ಬಾಯಿ ಮುಚ್ಚಿಕೊಳ್ಳಲು ಅವಳು ಸೆರಗು ಹುಡುಕಲಿಲ್ಲ. ಮಗು ಮಾತ್ರ, “ಅಜ್ಜಿ ಎಲ್ಲಿತ್ತ್?” ಎಂದು ಗಾಜಿನ ಕೋಣೆಯ ಹಿಂದೆ ಹೋಗಿ ನೋಡಿ ಬಂತು.

ಕೆಲವೇ ದಿನಕ್ಕೆ ಯುದ್ಧ ಗೆದ್ದ ಸುದ್ದಿ ಬಂತು. ಬೈಂದೂರಿನಲ್ಲಿ ಮಳೆಯಲ್ಲೇ ಪಟಾಕಿ ಹೊಡೆದರು, ಅರ್ಧ ಠುಸ್ಸಾದವು. ಅವನ ಫೋನು ಮತ್ತೆ ಬರಲಿಲ್ಲ, ಕಾಗದ ಬಂತು. ಸಾವಿನ ವಿಷಯವನ್ನು ಉತ್ತರದ ಕಾಗದದಲ್ಲಿ ಬರೆಯಲೇ ಎಂದು ಸೊಸೆ ಕೇಳಿದಾಗ, ಇಷ್ಟು ದಿನ ಆಯಿತು, ಎದುರಿಗೆ ಹೇಳಿದರೆ ಒಳ್ಳೆಯದು ಎಂದವಳೂ ನಾನೇ.

ನವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ತಿಳಿಸದೆ ಬಂದ. ಬಸ್ಸಿನಿಂದ ಕಪ್ಪು ಟ್ರಂಕು ಇಳಿಸಿ ಸೀದಾ ನನ್ನ ಮೆಟ್ಟಿಲಿಗೆ ಬಂದು ನಿಂತ. ಇಪ್ಪತ್ತೆಂಟರ ಮನುಷ್ಯ, ನಲವತ್ತು ದಾಟಿದವನ ಹಾಗೆ ಕಾಣುತ್ತಿದ್ದ. ಆದರೂ ನಗುತ್ತಿದ್ದ.

“ಅಕ್ಕ, ಅಬ್ಬಿ ಈ ಬದಿಗ್ ಬಂದ್ ಹೋಯ್ತಾ? ದಾರಿಲಿ ಸಿಕ್ಕ್ರೆ ಬುಟ್ಟಿ ನಾನೇ ಹೊತ್ಕಂತೆ.”

ನಾನು ಹೇಳಿದೆ. ಹೇಗೆ ಹೇಳಿದೆ ಎನ್ನುವುದು ನೆನಪಿಲ್ಲ. ಅವನು ಟ್ರಂಕಿನ ಮೇಲೆ ಕುಳಿತ.

“ಯಾವಾಗ?”

“ಮಳೆಗಾಲ್ದಲ್ಲ್. ಜುಲೈ ಶುರುವಿಗೆ.”

ಅವನು ಬೆರಳು ಮಡಿಸಿ ಎಣಿಸಿದ. ಎರಡು ಸಲ ಎಣಿಸಿದ. “ಹಾಂಗಾರೆ ಫೋನಲ್ಲ್ ಮಾತಾಡದ್ದ್ ಯಾರ್?”

“ನಾನ್,” ಎಂದೆ.

ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ಅವನು ಹೆದ್ದಾರಿಯನ್ನು ನೋಡುತ್ತ, ಸಣ್ಣ ದನಿಯಲ್ಲಿ, “ಹಾಂಗಾರೆ ಬೂಟಿನ್ ಸಂಗ್ತಿ ಅಬ್ಬಿಗ್ ಗೊತ್ತಿಲ್ಲ,” ಎಂದ. ಟ್ರಂಕು ಎತ್ತಿ ಹೆಗಲಿಗಿಟ್ಟುಕೊಂಡು ಕಡಲ ದಾರಿ ಹಿಡಿದ.

ಕೋಟ ಪೇಟೆಯಲ್ಲಿ ಯಾರೋ ಅವನಿಗೆ ಸನ್ಮಾನ ಇಟ್ಟುಕೊಂಡರು. ಅವನು ಹೋಗಲಿಲ್ಲ, ಶಾಲು ಮನೆಗೇ ಬಂತು. ಸತ್ತವನ ಮನೆಗೂ ಹೋಗಲಿಲ್ಲ. ರಜೆ ಮುಗಿಯುವ ಮೊದಲೇ ಹೊರಟುಹೋದ.

ಮುಂದಿನ ವರ್ಷಗಳಲ್ಲಿ ಅವನು ಫೋನು ಮಾಡುತ್ತಿದ್ದದ್ದು ಹೆದ್ದಾರಿಯ ಆಚೆಗಿನ ಬೂತಿಗೆ. ನನ್ನ ಕುರ್ಚಿಯಿಂದ ಎಲ್ಲ ಕಾಣುತ್ತಿತ್ತು. ಭಾನುವಾರ ಬೆಳಿಗ್ಗೆ ಸೊಸೆ, ಮಗಳು, ಮೈದುನ ಸಾಲಾಗಿ ಬರುತ್ತಿದ್ದರು. ಒಬ್ಬರು ತಪ್ಪಿದರೂ ಅವನು ಒಪ್ಪುತ್ತಿರಲಿಲ್ಲವಂತೆ. ಒಬ್ಬೊಬ್ಬರೂ ಫೋನಿಗೆ ಬಂದು ತಾವು ಬದುಕಿದ್ದೇವೆ ಎಂದು ತೋರಿಸಬೇಕು. ದನಿ ಕೇಳಿದರೂ ಸಾಲದು. “ಅಪ್ಪಯ್ಯ ನಂಗೆ ಪರೀಕ್ಷಿ ಮಾಡ್ತ್ರ್,” ಎಂದು ಆ ಮಗು ಒಮ್ಮೆ ನನಗೆ ಹೇಳಿತು. “ನನ್ ಮೊಣಕಾಲಿನ್ ಗಾಯದ್ ಕಲಿ ಯಾವ್ ಬದಿಗಿತ್ತ್ ಅಂದ್ ಕೇಂತ್ರ್. ನಾನೇ ಹೌದಾ ಅಂದ್ ಕಾಂಬುಕೆ.”

ಸೊಸೆ ಒಂದೇ ಸಲ ನನ್ನ ಮೆಟ್ಟಿಲು ಹತ್ತಿದಳು. ಕೂರಲಿಲ್ಲ. “ಅಕ್ಕ, ಈಗ ನಾ ಸತ್ಯ ಹೇಳ್ರೂ ಅವ್ರಿಗೆ ಸುಳ್ಳೇ. ‘ಲಾಯ್ಕಿತ್ತ್’ ಅಂದ್ರೆ ಸಾಕ್, ‘ಯಾರ್ ಸತ್ತ್ರ್ ಹೇಳ್’ ಅಂತ್ರ್.” ನಾನು ಏನೋ ಸಲಹೆ ಹೇಳಲು ಬಾಯಿ ತೆರೆದೆ. ಅವಳು ಕೈ ಎತ್ತಿ ತಡೆದು ಹೊರಟುಹೋದಳು.

ಮೊಬೈಲು ಬಂದು ಬೂತುಗಳು ಮುಚ್ಚಿದವು. ನಾನು ಗಾಜಿನ ಕೋಣೆ ತೆಗೆಸಿ ಜೆರಾಕ್ಸ್ ಮಷಿನ್ ಇಟ್ಟೆ, ಸೆಕೆಂಡ್ ಹ್ಯಾಂಡ್. ಅವನು ಸೈನ್ಯ ಬಿಟ್ಟು ಬ್ರಹ್ಮಾವರದ ಒಂದು ಗೋಡೌನಿಗೆ ವಾಚ್‌ಮನ್ ಆದ. ನಾಲ್ಕೈದು ವರ್ಷದ ಹಿಂದೆ ಪಿಂಚಣಿಯ ಕಾಗದಗಳ ಪ್ರತಿ ತೆಗೆಸಲು ನನ್ನಲ್ಲಿಗೇ ಬಂದ. ಬೇರೆ ಅಂಗಡಿಯ ಮಷಿನ್ ಕೆಟ್ಟಿತ್ತು, ಅಷ್ಟೇ ಕಾರಣ. ಮಷಿನ್ ಓಡುತ್ತಿರುವಾಗ ಕೇಳಿಯೇಬಿಟ್ಟೆ.

“ಆ ಬೂಟಿನವ್ನ ಮನಿಗ್ ಹೋಯ್ದ್ರಾ?”

“ಇಲ್ಲ.”

“ಈಗ್ಳಾದ್ರೂ ಒಂದ್ಸಲ ಹೋಯ್ ಬನಿ. ಹೆಂಡ್ತಿನ್ ಕರ್ಕಂಡ್ ಹೋಯಿನಿ.”

ಅವನು ನಕ್ಕ. ಕಣ್ಣಿಗೆ ಆ ನಗು ತಲುಪಲಿಲ್ಲ. “ನೀವ್ ಬಿಡೂದಿಲ್ಲ ಅಲ್ದಾ ಅಕ್ಕ, ಬುದ್ಧಿ ಹೇಳೂದ್ನ?” ಕಾಗದಗಳನ್ನು ಒಂದೊಂದಾಗಿ ತಿರುಗಿಸಿ, ಮೂಲ ಯಾವುದು ಪ್ರತಿ ಯಾವುದು ಎಂದು ಬೆಳಕಿಗೆ ಹಿಡಿದು ನೋಡಿದ. “ಅಬ್ಬಿ ಆಗಿದ್ದ್ರೆ ಎಂತ ಹೇಳ್ತಿತ್ತ್ ಅಂದ್ ಗೊತ್ತಾಗ್ದೆ ಹ್ಯಾಂಗ್ ಹೋಪುದ್?”

ಅದು ನನಗೂ ಗೊತ್ತಿಲ್ಲ. ಎರಡು ವರ್ಷ ದಿನಾ ಅವರೊಡನೆ ವಾದ ಮಾಡಿದವಳು ನಾನು, ಅವರ ದನಿ ಗೊತ್ತಿತ್ತು, ಬೆಲೆ ಎಲ್ಲಿಗೆ ನಿಲ್ಲಿಸುತ್ತಾರೆ ಎನ್ನುವುದೂ ಗೊತ್ತಿತ್ತು. ಮಗನ ಈ ಪ್ರಶ್ನೆಗೆ ಏನೆನ್ನುತ್ತಿದ್ದರು ಎಂದು ಎಷ್ಟು ಯೋಚಿಸಿದರೂ ತಲೆಗೆ ಬರುವುದು ನನ್ನದೇ ಮಾತು.

ಆದ್ದರಿಂದ ನಿಮಗೆ ಹೇಳುತ್ತೇನೆ, ಕೇಳಿ. ನಿಮ್ಮ ಮನೆಯವರು ಗಡಿಯಲ್ಲಿರಲಿ, ಹಡಗಿನಲ್ಲಿರಲಿ, ಇಲ್ಲಿ ಸಾವಾದರೆ ಅವತ್ತೇ ತಿಳಿಸಿ. ನೇರ ಅವರಿಗೆ ಹೇಳಲು ಧೈರ್ಯ ಬಾರದಿದ್ದರೆ ಅವರ ಮೇಲಧಿಕಾರಿಗಳಿಗೆ ತಿಳಿಸಿ. ಯಾವಾಗ ಹೇಳಬೇಕು, ರಜೆ ಕೊಡಬೇಕೋ ಬೇಡವೋ, ಅವರು ನೋಡಿಕೊಳ್ಳಲಿ. ಬರಲಾಗದಿದ್ದರೆ ಬೊಜ್ಜವನ್ನು ತಮ್ಮ ಮಾಡಲಿ, ವರ್ಷದ ಕ್ರಿಯೆಯನ್ನು ದೂರದಲ್ಲಿರುವವನಿಗೆ ಉಳಿಸಿ. ನನ್ನಂಥವರು ಅಡ್ಡ ಬಂದು ಚೆಂದದ ಕಾರಣಗಳನ್ನು ಕೊಡುತ್ತಾರೆ. ಕೇಳಿಸಿಕೊಂಡು ಟೆಲಿಗ್ರಾಂ ಬರೆಯಲು ಬೇರೆಯವರ ಹತ್ತಿರ ಹೋಗಿ. ಈಗ ಟೆಲಿಗ್ರಾಂ ಇಲ್ಲ, ಫೋನು ನಿಮ್ಮ ಕೈಯಲ್ಲೇ ಇದೆ, ಇನ್ನೂ ಸುಲಭ. ಆಚೆಯಿಂದ ತೀರಿಹೋದವರನ್ನೇ ಕೇಳಿದರೆ, ಅವರು ಇಲ್ಲ ಎಂದು ನಿಮ್ಮ ಸ್ವಂತ ದನಿಯಲ್ಲಿ ಹೇಳಿ. ಹೇಳಿದ ಮೇಲೆ ಫೋನು ಇಡಬೇಡಿ. ಆಚೆಯವರು ಅಳುವುದು ಮುಗಿಯುವವರೆಗೆ ಕಿವಿಗೆ ಹಿಡಿದುಕೊಂಡೇ ಇರಿ.