ಚಾವಡಿ ಏರಿದ ಕೌದಿ

"ಚಪ್ಲಿ ಬಿಟ್ಟು ಬರ್ರಿ ಗೌಡ್ರ, ಇದರಾಗ ನಿಮ್ಮವ್ವನ ಸೀರಿನೂ ಅದ!" ನಮ್ಮತ್ತೆ ಚಾವಡಿಯೊಳಗಿಂದ ಕೂಗಿದರು. ಹೆಂಗಸರು ಹತ್ತಬಾರದ ಚಾವಡಿ ಅದು. ನಮ್ಮನ್ನು ಇಳಿಸಲು ಬಂದ ಗೌಡರು, ಹಾಸಿದ್ದ ಕೌದಿಯ ಅಂಚಿನಲ್ಲೇ ನಿಂತುಬಿಟ್ಟರು.

ನಿಜಾಮರ ಆಳ್ವಿಕೆ ಮುಗಿದ ವರ್ಷ. ಮಾನ್ವಿ ಬಳಿಯ ನಮ್ಮೂರ ಚಾವಡಿ ಕಟ್ಟುವಾಗ ಮಣ್ಣು ಹೊತ್ತವರ, ನೀರು ತಂದವರ, ಬುತ್ತಿ ಕಳಿಸಿದ ಹೆಂಗಸರ ಹಳೆ ಸೀರೆಗಳನ್ನೆಲ್ಲ ಕೂಡಿಸಿ ನಾವು ಹೊಲಿದ ಕೌದಿ ಅದು. ಕೌದಿಯ ಹೊಟ್ಟೆ ಖಾಲಿ ಬಿಡಬಾರದೆಂಬ ನಮ್ಮ ಕಡೆಯ ರೂಢಿಯಂತೆ, ಹೋಳಿಗೆಯ ಚೂರು ತುಂಬಲು ಒಂದು ಮೂಲೆ ಹೊಲಿಯದೆ ಉಳಿಸಿದ್ದೆವು.

ಗೌಡರು ತಾಯಿಯ ಸೀರೆ ಗುರುತಿಸಿದರು, ಚಪ್ಪಲಿ ಬಿಟ್ಟರು. "ಹೋಳಿಗಿ ತರ್ರಿ, ನಾನ ತುಂಬತೀನಿ" ಎಂದರು. ಅವರು ಚೂರು ಇಟ್ಟ ಮೂಲೆಗೆ ಅತ್ತೆ ಚಾವಡಿಯ ನಟ್ಟನಡುವೆ ಕೂತು ಕಡೆಯ ಹೊಲಿಗೆ ಹಾಕಿದರು.

ಅಂದಿನಿಂದ ಪಂಚಾಯಿತಿಗೆ ಕೌದಿ ಹಾಸಿದವರೂ ನಾವೇ, ಅದರ ಮೇಲೆ ಮೊದಲು ಕೂತವರೂ ನಾವೇ.